ವರಾಂಡದ ಕಪಾಟು ಮತ್ತು ಸಾಯಿಮಾ

ಕಳೆದ ತಿಂಗಳು ಔರಾದದಲ್ಲಿ ತೀರಿಕೊಂಡ ಸಾಯಿಮಾ ಮತ್ತು ನಾನು ಭಾಲ್ಕಿಯ ಶಾಲೆಯಲ್ಲಿ ಎಂಟನೆಯ ತರಗತಿಯಿಂದ ಜೊತೆಗೆ ಕಲಿತವರು. ಮೊದಲ ಕೆಲವು ತಿಂಗಳು ಗೆಳತಿಯರಾಗಿರಲಿಲ್ಲ. ನಾನು ಮಾನಿಟರ್, ತಡವಾಗಿ ಬಂದವರ ಹೆಸರು ಬರೆಯುವವಳು. ಸಾಯಿಮಾಳ ಊರು ಸಾಯಗಾಂವ; ಅಲ್ಲಿಂದ ಬಸ್ಸು ಪ್ರಾರ್ಥನೆ ಮುಗಿದ ಮೇಲೆಯೇ ಬರುತ್ತಿತ್ತು. ದಿನವೂ ಅವಳ ಹೆಸರು ಬರೆದೆ, ದಿನವೂ ಅವಳು ಮೊದಲ ಪಿರಿಯಡ್ ವರಾಂಡದಲ್ಲಿ ನಿಂತಳು.

ಒಳಗೆ ಬಂದರೂ ಸುಖವಿರಲಿಲ್ಲ. ಉರ್ದು ಶಾಲೆಯಿಂದ ಬಂದವಳು. ಕನ್ನಡ ಓದುತ್ತಿದ್ದಳು, ಆದರೆ ಮಾತಾಡಿದರೆ ಹುಡುಗಿಯರು ನಗುತ್ತಿದ್ದರು. ಬೆಂಚಿನಲ್ಲಿ ಯಾರೂ ಜಾಗ ಕೊಡುತ್ತಿರಲಿಲ್ಲ. ನಾನೂ ಕೊಡಲಿಲ್ಲ.

ವರಾಂಡದಲ್ಲಿ ಒಂದು ಕಪಾಟಿತ್ತು. ನಮ್ಮ ಗ್ರಂಥಾಲಯವೆಂದರೆ ಅಷ್ಟೇ. ಅದರ ಬೀಗದ ಕೈ ಶಾಲೆ ಗುಡಿಸುವ ಸುಭದ್ರಾಬಾಯಿಯ ಸೊಂಟದಲ್ಲಿರುತ್ತಿತ್ತು. ನಾವೆಲ್ಲ ಅವರನ್ನು ಮೌಶಿ ಅನ್ನುತ್ತಿದ್ದೆವು. ಒಂದು ದಿನ ಅವರೇ ಕಪಾಟು ತೆರೆದು, ಹೊರಗೆ ನಿಂತಿದ್ದ ಸಾಯಿಮಾಳ ಕೈಗೆ ಒಂದು ಪುಸ್ತಕ ಕೊಟ್ಟು ಹೇಳಿದರು:

"ನನಗ ಓದ್ಲಕ್ ಬರಂಗಿಲ್ಲ. ನೀ ಓದಿ ಊಟದ ಬಿಡುವಿನಾಗ ಕತಿ ಹೇಳಬೇಕು. ನಡುವ ಹಾರಿಸಿದ್ರ ನಾಳಿ ಪುಸ್ತಕ ಇಲ್ಲ ನೋಡು."

ಆಮೇಲೆ ಬಸ್ಸು ಬೇಗ ಬಂದ ದಿನವೂ ಸಾಯಿಮಾ ನಿಲ್ದಾಣದಲ್ಲಿ ಕೂತು, ಬೇಕೆಂದೇ ತಡಮಾಡಿ ಬರುತ್ತಿದ್ದಳಂತೆ. ಮಧ್ಯಾಹ್ನ ಅವಳು ಮೌಶಿಗೆ ಹೇಳುವ ಕತೆ ಕೇಳಲು ನಾನು ಹತ್ತಿರದಲ್ಲೇ ಬುತ್ತಿ ಬಿಚ್ಚುತ್ತಿದ್ದೆ, ಕೇಳದವಳ ಹಾಗೆ.

ದಸರಾ ರಜೆಯ ನಂತರ ಹೊಸ ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಪ್ಪ ಬಂದರು. ಒಳ್ಳೆಯವರು. "ಬಸ್ ತಡಾ ಆದ್ರ ಈಕಿ ಏನ್ ಮಾಡ್ತಾಳ್ರಿ? ಒಳಗ ಕೂಡಸ್ರಿ" ಅಂದರು. ಶಿಕ್ಷೆ ನಿಂತಿತು, ಓದೂ ನಿಂತಿತು. ಆ ಸಂಜೆ ಸಾಯಿಮಾ ಮೌಶಿಗೆ ಪುಸ್ತಕ ಮರಳಿ ಕೊಟ್ಟು, ಒಳಗೆ ನಗುವವರ ನಡುವೆ ದಿನವಿಡೀ ಕೂರಲಾರೆ, ನಾಳೆಯಿಂದ ಶಾಲೆಗೇ ಬರುವುದಿಲ್ಲ ಎಂದಳು.

ಮೌಶಿ ಅಲ್ಲೇ ನಿಂತಿದ್ದ ನನ್ನ ಕಡೆ ತಿರುಗಿದರು. "ಮಾನಿಟರಬಾಯಿ, ಹೆಸರು ಬರೀಲಕ್ ಭಾಳ ಚಂದ ಬರ್ತದ ನಿನಗ. ಬೆಂಚಿನಾಗ ಜರಾ ಬಾಜೂಕ ಸರೀಲಕ್ ಬರಂಗಿಲ್ಲೇನು? ನನ್ನ ಕತಿ ಅರ್ಧಾ ಉಳದದ."

"ನಾಳಿ ನನ್ನ ಬಾಜೂ ಕೂಡು" ಅಂದೆ.

"ಯಾಕ? ನಗ್ಲಕ್ಕೇನು?" ಎಂದಳು ಸಾಯಿಮಾ.

"ಕತಿ ಕೇಳ್ಲಕ್ಕ. ಪುಸ್ತಕ ನನ್ನ ಹೆಸರಲೆ ತಗೋತೀನಿ, ನೀ ಮನಿಗಿ ಒಯ್ದು ಓದು."

ಅವಳು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಳು. ಮರುದಿನ ಅವಳ ಬಸ್ಸು ಬರುವ ತನಕ ನನಗೆ ಲೆಕ್ಕ ತಲೆಗೆ ಹತ್ತಲಿಲ್ಲ. ಬಂದಳು.

ಹತ್ತನೆಯದು ಪಾಸಾಗಿ, ಮದುವೆಯಾಗಿ ಔರಾದಕ್ಕೆ ಹೋದಳು. ಹೊಲಿಗೆ ಮಾಡಿ ಮನೆ ನಡೆಸಿದಳು. ಬೀದರಿಗೆ ಬಟ್ಟೆ ತರಲು ಬಂದಾಗಲೆಲ್ಲ ಅಲ್ಲಿರುವ ನನ್ನ ಮನೆಯಲ್ಲಿ ಕೂತು ಓದಿದ್ದನ್ನು ಹೇಳುವಳು. ನಾನು ಪುಸ್ತಕ ಹಿಡಿಯುವವಳಾದದ್ದು ಅವಳಿಂದ. ಅದನ್ನು ಅವಳಿಗೆ ಹೇಳಿದ್ದೇನೆ, ಅಷ್ಟು ಸಮಾಧಾನವಿದೆ.

ಔರಾದದಲ್ಲಿ ಅವಳ ಮಣ್ಣಾದ ಮೇಲೆ ಮಗಳು ತಹಮೀನಾ ನನ್ನ ಬಳಿ ಬಂದು ಕೂತಳು. "ಖಾಲಾ, ಅಮ್ಮಿ ಸಾಲಿ ಬಿಡೋದು ನಿಮ್ಮಿಂದ ತಪ್ಪಿತಂತ."

"ಪೂರ್ತಿ ಖರೇ ಅಲ್ಲವ್ವಾ" ಅಂದೆ. "ಅದಕ್ಕ ಮೊದಲ, ದಿನಾಲೂ ಹೆಸರು ಬರದು ಹೊರಗ ನಿಲ್ಲಿಸ್ದಾಕಿನೂ ನಾನೇ."

"ಗೊತ್ತದ. ಅದನೂ ಹೇಳ್ಯಾಳ" ಎಂದು ತಹಮೀನಾ ಚಹಾ ನನ್ನ ಕೈಗಿಟ್ಟಳು.