ಅದು ಬಿದ್ದದ್ದಕ್ಕೆ ಕೆಟ್ಟದ್ದಲ್ಲ, ಸುಮಕ್ಕ

ಸುಮಕ್ಕಾ, ನಿಮ್ಮ ಲ್ಯಾಪ್‌ಟಾಪಿನಲ್ಲಿದ್ದ ಡಿಸೈನುಗಳನ್ನೆಲ್ಲ ಅಳಿಸಿದವನು ನಾನು. ನೀವಲ್ಲ. ಆರು ವರ್ಷ ಈ ಮಾತನ್ನು ನುಂಗಿಕೊಂಡು ಅಂಗಡಿ ನಡೆಸಿದ್ದೇನೆ, ನಕ್ಕಿದ್ದೇನೆ, ಹೊಟ್ಟೆತುಂಬ ಉಂಡಿದ್ದೇನೆ — ನಾಚಿಕೆಗೇಡು.

ಅಂದು ನೀವು ಗಂಡಹೆಂಡತಿ ಸೊರಬದಿಂದ ಶಿಕಾರಿಪುರದ ನನ್ನ ರಿಪೇರಿ ಅಂಗಡಿಗೆ ಬಂದಿರಿ. ರವಿಕೆಗಳಿಗೆ ಮಷೀನಿನಲ್ಲಿ ಕಸೂತಿ ಹಾಕುವ ನಿಮ್ಮ ಕಸುಬಿಗೆ ಆ ಲ್ಯಾಪ್‌ಟಾಪೇ ಜೀವ. ನಿಮ್ಮ ಯಜಮಾನರು ವರ್ಷಗಟ್ಟಲೆ ಕೂತು ಮಾಡಿದ್ದ ಡಿಸೈನುಗಳೆಲ್ಲ ಅದರಲ್ಲೇ. ತೀರ ನಿಧಾನವಾಗಿತ್ತು. ಎಸ್‌ಎಸ್‌ಡಿ ಎಂಬ ಹೊಸ ಡಿಸ್ಕ್ ಹಾಕಿದರೆ ಕುದುರೆ ಹಾಗೆ ಓಡುತ್ತದೆ ಎಂದೆ. ಅವರು ಫೋನಿಗೆಂದು ಹೊರಗೆ ಹೋದಾಗ ನೀವು ಮೆಲ್ಲಗೆ ಹೇಳಿದಿರಿ:

"ಹೋದ ವಾರ ನನ್ ಕೈಜಾರಿ ಬಿದ್ದಿತ್ತಣ್ಣ. ಅವ್ರಿಗೆ ಹೇಳ್ಬೇಡಿ, ಭಾಳ ಸಿಟ್ಟಿನೋರು."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಹಳೆಯ ಡಿಸ್ಕಿನಲ್ಲಿದ್ದದ್ದನ್ನು ಹೊಸದಕ್ಕೆ ನಕಲು ಮಾಡಬೇಕಿತ್ತು, ಅಷ್ಟೇ. ಯಾವುದು ಯಾವುದೆಂದು ನಾನು ಗುರುತಿಸುತ್ತಿದ್ದುದು ಪರದೆಯ ಮೇಲೆ ಕಾಣುವ ಜಿಬಿ ಅಳತೆಯಿಂದ — ದೊಡ್ಡದು ಹಳೆಯದು, ಚಿಕ್ಕದು ಹೊಸದು. ಅಂದು ಎರಡೂ ಒಂದೇ ಅಳತೆಯವು. ಹೆಸರು ಓದಿ ನೋಡಬೇಕಿತ್ತು. ಕೈ ಪಳಗಿದೆ ಎಂಬ ಸೊಕ್ಕು ಬಿಡಲಿಲ್ಲ. ಖಾಲಿ ಡಿಸ್ಕನ್ನೇ ತುಂಬಿದ್ದರ ಮೇಲೆ ನಕಲು ಮಾಡಿಬಿಟ್ಟೆ. ಸಂಜೆ ನೀವಿಬ್ಬರೂ ಮರಳಿ ಬರುವಷ್ಟರಲ್ಲಿ ಎಲ್ಲ ಅಳಿಸಿಹೋಗಿತ್ತು.

"ಏನಾತ್ರೀ?" ಎಂದರು ಅವರು.

ತಪ್ಪಾಯಿತು ಎನ್ನಬಹುದಿತ್ತು...

"ಬಿದ್ದ ಏಟಿಗೆ ಡಿಸ್ಕ್ ಹೋಗೈತ್ರೀ. ಹೋದ ವಾರ ಅಕ್ಕಾರ ಕೈಯಿಂದ ಬಿದ್ದಿತ್ತಂತಲ್ಲ," ಎಂದೆ.

ಅವರು ಕೂಗಾಡಲಿಲ್ಲ. ನಿಮ್ಮನ್ನೇ ನೋಡುತ್ತ "ನಡಿ, ಮನೆಗೆ ಹೋಗಾಣ" ಎಂದರು. ಆ ತಣ್ಣನೆಯ ದನಿ ನೆನೆದರೆ ನನಗೆ ಇವತ್ತಿಗೂ ಭಯವಾಗುತ್ತದೆ. ಬಾಗಿಲಲ್ಲಿ ನೀವು ಒಮ್ಮೆ ತಿರುಗಿದಿರಿ. ನಾನು ತಲೆ ತಗ್ಗಿಸಿ ಸ್ಕ್ರೂ ಹೆಕ್ಕುತ್ತಿದ್ದೆ.

ಆಮೇಲೆ ನೀವು ಮಗಳೊಡನೆ ಜಡೆ ಊರಿನ ತವರಿನಲ್ಲೇ ಉಳಿದಿದ್ದೀರೆಂದು ಕೇಳಿದೆ. ಯಾಕೆಂದು ವಿಚಾರಿಸಲಿಲ್ಲ — ಗೊತ್ತಿತ್ತಲ್ಲ.

ಮೊನ್ನೆ ಮಗಳ ಲ್ಯಾಪ್‌ಟಾಪ್ ಹಿಡಿದು ಬಂದಿರಿ. ನಿಮ್ಮ ಎಡಗೈಯ ಬೆರಳುಗಳು ಸರಿಯಾಗಿ ಮಡಚುತ್ತಿರಲಿಲ್ಲ. ನೋಡಿಯೂ ನೋಡದವನ ಹಾಗೆ ಕುಳಿತಿದ್ದೆ.

"ಅಣ್ಣಾ, ಒಂದು ಕೇಳ್ತೀನಿ. ಆವತ್ತು ನಾನ್ ಬೀಳಿಸಿದ್ದಕ್ಕೇ ಹೋಗಿದ್ದಾ ಅದು?"

ಆರು ವರ್ಷದ ಮೇಲೆ ಸಿಕ್ಕ ಅವಕಾಶ! ನಾನು — "ಹೌದಕ್ಕ" ಎಂದೆ.

"ಹಂಗಾರೆ ತಪ್ಪು ನಂದೇ ಬಿಡಿ. ಕರೀತಾ ಇದಾರೆ ಅವ್ರು. ಸೋಮವಾರ ವಾಪಸ್ ಹೋಗ್ತೀನಿ."

ಇಂದು ಭಾನುವಾರ. ಈ ಕಾಗದ ಹಿಡಿದು ಜಡೆಗೆ ಹೊರಟಿದ್ದೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ನೀವು ಆ ಮನೆಗೆ ಹೊರಡುವ ಮೊದಲು ಇದನ್ನು ಓದಿದರೆ ಸಾಕು.