ಆರ್ವಿಡ್ ಲಾಂಪಿಯ ಅಳತೆಕೋಲು

ಆರ್ವಿಡ್ ಲಾಂಪಿಗೆ ಮನುಷ್ಯರಿಗಿಂತ ದಾರಿಯ ಮೇಲೆ ಪ್ರೀತಿ ಹೆಚ್ಚು. ಇದನ್ನು ಬೆನ್ನ ಹಿಂದೆ ಹೇಳಬೇಕಾಗಿರಲಿಲ್ಲ. ಎದುರಿಗೇ ಹೇಳಿದರೂ ಹೌದು ಎನ್ನುತ್ತಿದ್ದ. ಮೂವತ್ತೊಂದು ವರ್ಷ ಕಬ್ಬಿಣದ ಗಣಿಯಲ್ಲಿ ದುಡಿದ, ಮದುವೆಯ ಗೋಜಿಗೆ ಹೋಗಲಿಲ್ಲ, ನಿವೃತ್ತನಾದ ಮರುವಾರವೇ ಕಾಡುಗಾಡಿ ಸಂಘದವರ ಜೊತೆ ಗರಗಸ ಹಿಡಿದು ಹೊರಟ. ಸುಪೀರಿಯರ್ ಸರೋವರದ ದಕ್ಷಿಣಕ್ಕಿರುವ ಸರ್ಕಾರಿ ಕಾಡಿನಲ್ಲಿ, ನಾಲ್ಕು ಚಕ್ರದ ಪುಟ್ಟ ಗಾಡಿಗಳು ಓಡಾಡುವ ಒಂಬತ್ತು ಮೈಲಿ ದಾರಿ ಅವನ ಪಾಲಿಗೆ ಬಂತು. ಬಿದ್ದ ಮರ ಕೊಯ್ಯುವುದು, ಚಾಚಿದ ಕೊಂಬೆ ಸವರುವುದು, ನೀರಿಗೆ ಅಡ್ಡ ಕಟ್ಟೆ ಕಟ್ಟುವ ಬೀವರ್ ಪ್ರಾಣಿಗಳು ಕಡ್ಡಿ ಕೆಸರು ತುರುಕಿ ಕಟ್ಟಿಹಾಕಿದ ಮೋರಿಗಳನ್ನು ಬಿಡಿಸುವುದು. ಎಲ್ಲ ಬಿಟ್ಟಿ ಕೆಲಸ. ಇಪ್ಪತ್ತು ವರ್ಷದಲ್ಲಿ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ.

ಜೊತೆಗಾರ ಸುಲೋ ಕೊರ್ಪಿ. ಅದೇ ಗಣಿ, ಅದೇ ವಯಸ್ಸು, ಬಾಯಿ ಮಾತ್ರ ಎರಡರಷ್ಟು. ಮಧ್ಯಾಹ್ನ ಸುಲೋನ ಹೆಂಡತಿ ಇಂಪಿ ಕಟ್ಟಿಕೊಟ್ಟ ಮಾಂಸ-ಆಲೂಗಡ್ಡೆ ತುಂಬಿದ ಹಿಟ್ಟಿನ ಪಾಸ್ಟಿಯನ್ನು ಇಬ್ಬರೂ ಮರದ ದಿಮ್ಮಿಯ ಮೇಲೆ ಕೂತು ತಿನ್ನುತ್ತಿದ್ದರು. ಸಂಜೆ ಸುಲೋನ ಮನೆಯ ಸೌನಾದ ಬಿಸಿ ಹಬೆಯಲ್ಲಿ ಬೆವರಿಳಿಸಿ, ಒಬ್ಬರನ್ನೊಬ್ಬರು ಚೆನ್ನಾಗಿ ಬೈದುಕೊಂಡು ಬೇರೆಯಾಗುತ್ತಿದ್ದರು.

ಆ ದಾರಿ ಐವತ್ತು ಇಂಚು ಅಗಲದ ಗಾಡಿಗಳವರೆಗೆ ಮಾತ್ರ. ಅದು ಕಾಡಿನ ಕಚೇರಿಯ ನಿಯಮ. ಆದರೆ ಪಟ್ಟಣದವರು ಅಕ್ಕಪಕ್ಕ ಇಬ್ಬರು ಕೂರುವ ಅಗಲ ಗಾಡಿಗಳನ್ನು ಕೊಂಡು ತಂದು, ಎಳೆಯ ಮರಗಳ ತೊಗಟೆ ಸುಲಿಯುತ್ತ ನುಗ್ಗತೊಡಗಿದರು. ಕಚೇರಿಯವರು ದಾರಿಯ ಬಾಯಲ್ಲಿ ಎರಡು ಕಂಬ ನೆಡಿ ಎಂದರು. ಆರ್ವಿಡ್‌ಗೆ ಅಷ್ಟೇ ಬೇಕಿತ್ತು.

ಅವನ ಬಳಿ ಐವತ್ತು ಇಂಚಿಗೆ ಕೊಯ್ದ ಮೇಪಲ್ ಮರದ ಕೋಲೊಂದಿತ್ತು. ಟೇಪು ಗೀಪು ಅವನಿಗೆ ಆಗದು. ಎರಡು ಕಂಬದ ನಡುವೆ, ಎರಡು ಬಂಡೆಯ ನಡುವೆ ಕೋಲು ಅಡ್ಡ ಹಿಡಿದು ನೋಡಿದರೆ ಮುಗಿಯಿತು. ಕಂಬ ನೆಡುವ ಹಿಂದಿನ ದಿನ ಅವನು ಆ ಕೋಲನ್ನು ಸುಲೋನ ಸೌದೆ ಕೊಟ್ಟಿಗೆಗೆ ತಂದ.

"ಒಂದು ತುದಿ ಹಿಡ್ಕೊ."

"ಯಾಕೋ?"

"ಮೂರಿಂಚು ಕೊಯ್ತೀನಿ. ಐವತ್ತು ಬಿಟ್ರೆ ಐವತ್ತೆರಡರವನೂ ತುರುಕ್ಕೊಂಡು ಬರ್ತಾನೆ. ನಲವತ್ತೇಳು ಇಟ್ರೆ, ಅಲ್ಲಿ ತಿರುಗಿಸೋಕೂ ಜಾಗ ಇಲ್ಲ, ಒಬ್ಬೊಬ್ಬನೂ ಅರ್ಧ ಮೈಲಿ ಹಿಂದಕ್ಕೇ ಓಡಿಸ್ಬೇಕು. ನಮ್ಮ ಗಾಡಿಗೇನು ತೊಂದ್ರೆ, ನಲವತ್ನಾಲ್ಕು."

"ಎಂಥಾ ಹಾಳು ಮನುಷ್ಯನೋ ನೀನು," ಎಂದು ಸುಲೋ ಹೊಟ್ಟೆ ಹಿಡಿದು ನಕ್ಕ. ಕೋಲನ್ನೂ ಹಿಡಿದ.

ಮರುದಿನ ಇಬ್ಬರೂ ಸೇರಿ ಆ ಕೊಯ್ದ ಕೋಲಿನ ಅಳತೆಗೇ ಕಬ್ಬಿಣದ ಕೊಳವೆ ನೆಟ್ಟು, ಯಾವ ಗರಗಸಕ್ಕೂ ಜಗ್ಗದಂತೆ ಒಳಗೆ ಕಾಂಕ್ರೀಟು ತುಂಬಿದರು. ಯಾರೂ ಬದಿಯಿಂದ ನುಸುಳದಂತೆ ಎರಡೂ ಪಕ್ಕಕ್ಕೆ ಬಂಡೆಗಳನ್ನು ಉರುಳಿಸಿದರು. ಕಚೇರಿಯ ಅಧಿಕಾರಿ ಬಂದು ಆರ್ವಿಡ್‌ನ ಕೋಲನ್ನೇ ಈಸಿಕೊಂಡು ಅಳೆದ. ಇಪ್ಪತ್ತು ವರ್ಷ ನಂಬಿದ ಕೋಲು. "ಅಚ್ಚುಕಟ್ಟು," ಎಂದು ರುಜು ಹಾಕಿ ಹೋದ. ಆ ಬೇಸಿಗೆಯೆಲ್ಲ ಅಗಲ ಗಾಡಿಗಳು ಸಿಕ್ಕಿಕೊಳ್ಳುವುದನ್ನು ನೋಡಲೆಂದೇ ಇಬ್ಬರೂ ಊಟದ ಡಬ್ಬಿ ಹಿಡಿದು ಕಂಬದ ಬಳಿ ಕೂರುತ್ತಿದ್ದರು. ಹೆಂಗಸರು ಮಕ್ಕಳು ಗಾಡಿ ಇಳಿದು ಕೆಸರಿನಲ್ಲಿ ನಿಂತಿದ್ದರೂ ಆರ್ವಿಡ್ ಕೈ ಜೋಡಿಸುತ್ತಿರಲಿಲ್ಲ. "ಬಂದ ದಾರಿ ಗೊತ್ತಲ್ಲ," ಎನ್ನುತ್ತಿದ್ದ. ಸಂಘದಲ್ಲೇ ಇದ್ದ ನನಗೆ ಅವನ ಈ ಮಾತು ಅಂದೂ ಸೇರಲಿಲ್ಲ.

ಮರುವರ್ಷ ಜೂನ್‌ನಲ್ಲಿ, ಮೂರನೆಯ ಮೋರಿಯಲ್ಲಿ ಸೊಂಟದವರೆಗೆ ನೀರಿಗಿಳಿದು ಬೀವರ್ ಕಡ್ಡಿ ಎಳೆಯುತ್ತಿದ್ದ ಸುಲೋ ಇದ್ದಕ್ಕಿದ್ದಂತೆ ದಡ ಹತ್ತಿ ಕೂತ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

"ಎದೆ ಮೇಲೆ ಯಾರೋ ಕೂತಂಗಿದೆ ಕಣೋ."

ಆರ್ವಿಡ್ ದಿಬ್ಬ ಹತ್ತಿ ಫೋನು ಮಾಡಿದ. ಗಾಡಿಯ ಮೇಲೆ ಕೂರಿಸಿಕೊಂಡು ಹೋಗೋಣವೆಂದರೆ ಸುಲೋ ಜೋಲಿ ಹೊಡೆದು ಬಿದ್ದ. ಸರಿ, ಕಾಯುವುದು. ಊರಿನ ಅಗ್ನಿಶಾಮಕ ತಂಡದ ಬಳಿ ಇಂಥ ದಾರಿಗೆಂದೇ ತಂದ, ಸ್ಟ್ರೆಚರ್ ಕಟ್ಟಿದ ಗಾಡಿಯಿತ್ತು. ಅದರ ಅಗಲ ನಲವತ್ತೊಂಬತ್ತು ಇಂಚು.

ದೂರದಲ್ಲಿ ಎಂಜಿನ್ ಸದ್ದು ಕೇಳಿತು. ಹತ್ತಿರವಾಯಿತು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಎಂಜಿನ್ ಒಮ್ಮೆ ಅರಚಿತು, ಮತ್ತೆ ಬಡಿಯಿತು, ನಿಂತಿತು.

ಸುಲೋ ಕಣ್ಣು ಮುಚ್ಚಿಕೊಂಡೇ ಕೇಳಿದ, "ನಿಂತೋಯ್ತು, ಅಲ್ವೇನೋ?"

"ಬರ್ತಾರೆ, ತಿರುವು ತಗೊಳ್ತಿದಾರೆ."

"ಅಲ್ಲಿ ತಿರುವೆಲ್ಲಿದೆಯೋ." ಸುಲೋ ನಗಲು ನೋಡಿದ, ಉಸಿರು ಸಾಲಲಿಲ್ಲ. "ಹೋಗು, ಕರ್ಕೊಂಡು ಬಾ. ಬೇಗ ಬಾ ಮಾರಾಯ."

ಆರ್ವಿಡ್ ಗೆಳೆಯನನ್ನು ಅಲ್ಲೇ ಬಿಟ್ಟು ಗಾಡಿ ಓಡಿಸಿದ. ಕಂಬಗಳ ನಡುವೆ ತಂಡದ ಗಾಡಿ ಸಿಕ್ಕಿಕೊಂಡಿತ್ತು. ಅದನ್ನು ಹಿಂದಕ್ಕೆ ಎಳೆಯಲು ಹೆಣಗುತ್ತಿದ್ದ ವೆಸ್ ಬುಶೆ, ತಂಡದ ಮುಂದಾಳು, ಕೂಗಿದ:

"ಆರ್ವಿಡ್, ಇದು ಐವತ್ತಲ್ವಾ? ನೀವೇ ತಾನೆ ಅಳೆದಿದ್ದು?"

"ಐವತ್ತೇ," ಎಂದ ಆರ್ವಿಡ್. ಗೆಳೆಯ ಅಲ್ಲಿ ಸಾಯುತ್ತಿದ್ದಾನೆ, ಇವನಿಗೆ ಇಲ್ಲಿ ಮಾನದ ಚಿಂತೆ. "ನೀನು ಸೊಟ್ಟ ತಂದು ನುಗ್ಗಿಸಿದೀಯ."

ವೆಸ್ ಔಷಧದ ಚೀಲ ಹೆಗಲಿಗೇರಿಸಿಕೊಂಡು ಬಂಡೆ ಹಾರಿ ಬಂದು ಅವನ ಹಿಂದೆ ಕೂತ. ಹೋಗಿ ಬಂದದ್ದು ಒಟ್ಟು ಹದಿನೈದು ನಿಮಿಷ. ಅಷ್ಟರಲ್ಲಿ ಸುಲೋ ಒಬ್ಬನೇ ತೀರಿಕೊಂಡಿದ್ದ. ಅರೆತೆರೆದ ಬಾಯಿಯ ಮೇಲೆ ಕಪ್ಪು ನೊಣಗಳು ಕೂತಿದ್ದವು. ವೆಸ್ ಅರ್ಧ ಗಂಟೆ ಎದೆ ಒತ್ತಿದ, ಏನೂ ಆಗಲಿಲ್ಲ.

ಮಣ್ಣು ಮಾಡಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಕಾಫಿ, ಏಲಕ್ಕಿಯ ನಿಸು ಬ್ರೆಡ್ಡು. ವೆಸ್ ಮೂರು ದಿನ ನಿದ್ದೆಯಿಲ್ಲದ ಮುಖ ಹೊತ್ತು ಇಂಪಿಯ ಮುಂದೆ ಬಂದು ನಿಂತ.

"ಸೊಟ್ಟ ತಂದೆನೇನೋ ಅಮ್ಮಾ. ಗಾಬರಿಯಲ್ಲಿದ್ದೆ. ನೇರ ತಂದಿದ್ರೆ ನುಗ್ತಿತ್ತು. ನನ್ನಿಂದಲೇ ಆಯ್ತು."

ಪಕ್ಕದ ಕುರ್ಚಿಯಲ್ಲಿದ್ದ ಆರ್ವಿಡ್ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತಿದ್ದ. ಒಂದು ಮಾತು ಸಾಕಿತ್ತು. ಆಡಲಿಲ್ಲ. ನಲವತ್ತು ವರ್ಷದ ಒಬ್ಬ ಗಂಡಸು ಎದುರಿಗೆ ಅಳುತ್ತಿದ್ದರೂ ಬ್ರೆಡ್ಡು ಅದ್ದಿ ತಿಂದ.

ಇಂಪಿ ಕಾಫಿ ಜಗ್ಗನ್ನು ಮೇಜಿನ ಮೇಲಿಟ್ಟಳು.

"ಆರ್ವಿಡ್, ನಿನ್ನ ಕೋಲೆಲ್ಲಿ?"

"ಟ್ರಕ್ಕಲ್ಲಿದೆ. ಯಾಕೆ ಈಗ?"

"ತಗೊಂಡ್ ಬಾ."

ತಂದ. ತರದೆ ಇರುವ ಹಾಗಿರಲಿಲ್ಲ, ಇಡೀ ಊರು ನೋಡುತ್ತಿತ್ತು. ಇಂಪಿ ಊರಿನ ಹೆಣ್ಣುಮಕ್ಕಳ ಮದುವೆಯ ಬಟ್ಟೆ ಹೊಲಿದು ಕೊಡುವವಳು. ಕೈಚೀಲದಿಂದ ಟೇಪು ತೆಗೆದು, ಲೋಟ ತಟ್ಟೆಗಳನ್ನು ಸರಿಸಿ, ಕೋಲನ್ನು ಮೇಜಿನ ಮೇಲೆ ಉದ್ದಕ್ಕೆ ಇಟ್ಟು ಅಳೆದಳು.

"ನಲವತ್ತೇಳು," ಎಂದಳು. "ವೆಸ್, ನೀನು ನೇರವಾಗೇ ತಂದಿದ್ದೀಯಪ್ಪಾ. ಹೋಗಿ ಮಲ್ಕೊ."

ಆರ್ವಿಡ್‌ನ ಕುತ್ತಿಗೆ ಕೆಂಪೇರಿತು. ಗಣಿಯಲ್ಲಿ ಮೂವತ್ತೊಂದು ವರ್ಷ ಕಳೆದವನಿಗೆ ಆ ಕ್ಷಣ ಹೊಳೆದದ್ದು ತನ್ನ ಜೊತೆಗೆ ಇನ್ನೊಬ್ಬನನ್ನು ಎಳೆಯುವ ದಾರಿ ಮಾತ್ರ. ಆ ಇನ್ನೊಬ್ಬ ಬೆಳಿಗ್ಗೆ ತಾನೆ ಮಣ್ಣಿಗೆ ಹೋಗಿದ್ದ.

"ನಾನೊಬ್ನೇ ಮಾಡಿದ್ದಲ್ಲ ಇಂಪಿ. ಕೊಯ್ವಾಗ ಇನ್ನೊಂದು ತುದಿ ಹಿಡ್ದಿದ್ದು ನಿನ್ ಗಂಡಾನೇ."

ಯಾರೋ "ಥೂ" ಎಂದರು. ಇಂಪಿ ಮಾತ್ರ ಕದಲಲಿಲ್ಲ, ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಗೊತ್ತು. ಅವತ್ತೇ ಊಟಕ್ಕೆ ಕೂತಾಗ ಹೇಳ್ದ. ಹೇಳಿ ಹೇಳಿ ನಕ್ಕ. ನಾನೂ ನಕ್ಕೆ." ಅವಳ ದನಿ ಆಗ ಒಡೆಯಿತು. "ಹಿಡ್ದಿದ್ದಕ್ಕೆ ಅವ್ನಿಗೆ ಸಿಕ್ತು. ನಕ್ಕಿದ್ದಕ್ಕೆ ನಂಗೂ ಸಿಕ್ತು. ಕೊಯ್ದೋನು ನೀನು. ನಿಂಗೇನು ಸಿಕ್ತು ಹೇಳು?"

ಆರ್ವಿಡ್ ಮೇಜಿನ ಮೇಲಿನ ಕೋಲಿಗೆ ಕೈ ಹಾಕಿದ.

"ಕೋಲು ತಗೊಂಡು ಹೋಗು. ಒಲೆಗೆ ಹಾಕ್ಬೇಡ," ಎಂದಳು ಇಂಪಿ. ಅವನ ಲೋಟದಲ್ಲಿ ಉಳಿದಿದ್ದ ಅರ್ಧ ಕಾಫಿಯನ್ನು ಬಚ್ಚಲಿಗೆ ಚೆಲ್ಲಿ, ಲೋಟ ತೊಳೆದಿಟ್ಟಳು.

ಮುಂದಿನ ಶನಿವಾರ ಆರ್ವಿಡ್ ಎಂದಿನ ಹೊತ್ತಿಗೇ ಹೋದ. ಕಂಬಗಳನ್ನು ಬುಡಸಮೇತ ಕಿತ್ತಿದ್ದರು. ಸಂಘದ ಹನ್ನೆರಡು ಜನ ಹೊಸ ಕಂಬ ನೆಡುತ್ತಿದ್ದರು, ವೆಸ್ ಉಕ್ಕಿನ ಟೇಪು ಹಿಡಿದಿದ್ದ. ಆರ್ವಿಡ್ ಕೋಲೂರಿಕೊಂಡು ಕಾಂಕ್ರೀಟು ಕಲಸುವವರ ಹತ್ತಿರ ಬಂದು, ಏನು ಮಾಡಲಿ ಎಂದು ಕೇಳಿದ.

"ಬಂದ ದಾರಿ ಗೊತ್ತಲ್ಲ," ಎಂದ ವೆಸ್, ತಲೆ ಎತ್ತದೆ.