ಪಾಪಕ್ಕನ ಬೆನ್ನಹಿಂದೆ ಬಂದದ್ದು

ದೊಡ್ಡಉಳ್ಳಾರ್ತಿಯ ಪಾಪಕ್ಕನಿಗೆ ಚಿತ್ರಗಿತ್ರದ ಗೊಡವೆ ಯಾವತ್ತೂ ಇರಲಿಲ್ಲ. ದನ ಕಾಯುವ ಮನೆತನಕ್ಕೆ ಸೊಸೆಯಾಗಿ ಬಂದವಳು. ಸಗಣಿ ಬಾಚುವುದು, ಹಾಲು ಕರೆಯುವುದು, ಗಂಡನಿಗೆ ಬುತ್ತಿ ಕಟ್ಟುವುದು, ನಡುವೆ ಸಿಕ್ಕಷ್ಟು ಬಾಯಿ ಮಾಡುವುದು, ಇದೇ ಅವಳ ಬದುಕು. ಬಾಯಿ ಅಂದರೆ ಸಾಮಾನ್ಯ ಬಾಯಲ್ಲ. ಇಡೀ ಹಟ್ಟಿಗೆ ಕೇಳುವಂತೆ ಗಂಡನನ್ನು ಬೈಯುತ್ತಿದ್ದಳು, ಆದರೆ ಅವನ ಹೆಸರನ್ನು ಮಾತ್ರ ಒಂದು ದಿನವೂ ನಾಲಿಗೆಗೆ ತಂದವಳಲ್ಲ. ಹೆಂಡತಿ ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ ಸೀಮೆ ಅದು. ಹೇಳದೆಯೂ ಕ್ಯಾತಣ್ಣ ಉಳಿಯಲಿಲ್ಲ. ಎರಡು ಸಾವಿರದ ಒಂದರ ಮುಂಗಾರಿನಲ್ಲಿ, ವರವು ಕಾವಲಿನ ಹುಲ್ಲುಬಯಲಲ್ಲಿ ದನದ ಜೊತೆ ನಿಂತಿದ್ದವನಿಗೆ ಸಿಡಿಲು ಬಡಿಯಿತು.

ಅವರ ಕಡೆ ಮಣ್ಣು ಮಾಡಿ ಬಂದರೆ ಮುಗಿಯಿತು ಅನ್ನುವ ಹಾಗಿಲ್ಲ. ಹನ್ನೊಂದನೆಯ ದಿನ ಸತ್ತವರನ್ನು ಮನೆಯೊಳಗೆ ಕರೆದುಕೊಳ್ಳಬೇಕು. ದೇವರ ಮೂಲೆಯಲ್ಲಿ ಬೂದಿ ಹರಡಿ, ಅದರ ಮೇಲೆ ಮಂಕರಿ ಬುಟ್ಟಿ ಕವುಚಿ, ಎಲ್ಲರೂ ಹೊರಗೆ ನಿಂತು ಹೆಸರು ಹಿಡಿದು ಕರೆಯುತ್ತಾರೆ. ಬಂದವರು ಬೂದಿಯಲ್ಲಿ ಗುರುತು ಬಿಡುತ್ತಾರೆ. ಬಾರದವರು ಬಯಲಿನಲ್ಲೇ ಉಳಿಯುತ್ತಾರೆ, ಉಪವಾಸ. ಕ್ಯಾತಣ್ಣನ ಅಕ್ಕ ಜಯಕ್ಕ ಗಂಟಲು ಹರಿಯುವಂತೆ ಕರೆದಳು. ಮಂಕರಿ ಎತ್ತಿದರೆ ಬೂದಿ ಹರಡಿದ ಹಾಗೇ ಇತ್ತು. ಪಾಪಕ್ಕ ಅವತ್ತಿನಿಂದ ಬಾಯಿ ಮಾಡುವುದನ್ನೇ ಬಿಟ್ಟಳು. ಗಂಡ ಹೊರಗೆ ಹಸಿದು ಅಲೆಯುತ್ತಿರುವಾಗ ತಾನು ತುತ್ತು ಎತ್ತುವುದು ಹೇಗೆ ಎನ್ನುವುದೊಂದೇ ಅವಳ ಸಂಕಟ.

ಹೀಗಿರುವಾಗ ಚಳ್ಳಕೆರೆಯ ಚಿತ್ರಶಾಲೆಯಿಂದ ಕರೆ ಬಂತು. ಅಲ್ಲಿನ ಮೇಲ್ವಿಚಾರಕ ನಾಗೇಂದ್ರಪ್ಪ ಸುಮ್ಮನೆ ಕೂರುವ ಆಸಾಮಿಯಲ್ಲ. ಭಾನುವಾರ ಮಕ್ಕಳಿಗೆ ಬಣ್ಣ ಕಲಿಸುವುದು, ಸಂತೆಗೆ ಬಂದವರನ್ನು ಕೈಹಿಡಿದು ಪ್ರದರ್ಶನಕ್ಕೆ ಎಳೆದು ತರುವುದು, ಇಂಥವೇ ಅವನ ಹುಚ್ಚು. ಆ ವರ್ಷ ಕಲಾವಿದರನ್ನು ಕಾವಲಿಗೆ ಕರೆದೊಯ್ದು ಶಿಬಿರ ಮಾಡಿಸಿದ್ದ. ಈಗ ಆ ಚಿತ್ರಗಳನ್ನು ಗೋಡೆಗೆ ಹಾಕಿ, ಅವುಗಳಲ್ಲಿರುವ ಜನವೇ ಬಂದು ನೋಡಬೇಕೆಂದು ಹಟ ಹಿಡಿದಿದ್ದ. ಕ್ಯಾತಣ್ಣನ ಬದಲು ಪಾಪಕ್ಕ ಹೋದಳು.

ಒಳಗೆ ಕಾಲಿಟ್ಟವಳು ಕಲ್ಲಾಗಿ ನಿಂತಳು. ಗೋಡೆಯ ಮೇಲೆ ಕ್ಯಾತಣ್ಣ ಹೆಗಲಿಗೆ ಕಂಬಳಿ ಹಾಕಿಕೊಂಡು ಕೋಲಿಗೆ ಗದ್ದ ಊರಿ ನಿಂತಿದ್ದ. ಸಾಯುವುದಕ್ಕೆ ವಾರ ಮುಂಚೆ ಬರೆದದ್ದಂತೆ. ಅವನ ಕಣ್ಣು ಬಾಗಿಲ ಕಡೆಗಿತ್ತು, ಯಾರೋ ಬರಬೇಕಾದವರು ಬಂದಿಲ್ಲ ಎನ್ನುವ ಹಾಗೆ. ಇಷ್ಟು ದಿನ ಅವನು ಎಲ್ಲಿ ಸಿಕ್ಕಿಕೊಂಡಿದ್ದ ಎಂದು ಪಾಪಕ್ಕನಿಗೆ ಆಗ ತಿಳಿಯಿತು. ಜಯಕ್ಕನನ್ನು ಕರೆತಂದು ಶಾಸ್ತ್ರಪ್ರಕಾರ ಕರೆಯಬಹುದಿತ್ತು. ಅಯ್ಯೋ, ಅಷ್ಟು ತಾಳ್ಮೆ ಯಾರಿಗಿರುತ್ತದೆ! ಭಾಷಣದ ಗದ್ದಲದ ನಡುವೆಯೇ, ಸೆರಗು ಬಾಯಿಗೆ ಒತ್ತಿಕೊಂಡು ಮೆಲ್ಲಗೆ ಅಂದಳು:

“ಬಾ, ಮನೆಗೋಗಾನ. ಬಿಸಿ ಮುದ್ದೆ ಇಕ್ತೀನಿ, ಬಾ.”

ಅಷ್ಟೇ. ಹೆಸರು ಬಾಯಿಗೆ ಬರಲಿಲ್ಲ. ಜೀವಮಾನದಲ್ಲೇ ಹೇಳದ್ದು ಆ ಗಳಿಗೆಯಲ್ಲಿ ಎಲ್ಲಿಂದ ಬರಬೇಕು? ಕರೆದ ಮೇಲೆ ಹಿಂದೆ ತಿರುಗಿ ನೋಡಬಾರದು ಎಂಬುದು ಗೊತ್ತಿತ್ತು. ನೋಡದೆ ಹೊರಟಳು.

ಬಸ್ಸಿನಲ್ಲಿ ಕಂಡಕ್ಟರ್ ಅವಳ ಟಿಕೆಟ್ ಹರಿದು, ಪಕ್ಕದ ಖಾಲಿ ಸೀಟನ್ನು ತೋರಿಸಿ, ಕೂಸಿಗೂ ಅರ್ಧ ಟಿಕೆಟ್ ತಗೋಬೇಕು ಎಂದ. ಯಾವ ಕೂಸು ಎಂದು ಪಾಪಕ್ಕ ಕೇಳಿದ್ದಕ್ಕೆ ಇನ್ನೊಮ್ಮೆ ನೋಡಿ, ಕಣ್ಣುಜ್ಜಿಕೊಂಡು ಮುಂದಕ್ಕೆ ಹೋದ. ಊರು ಬರುವವರೆಗೂ ಅವನು ಮತ್ತೆ ಆ ಕಡೆ ಸುಳಿಯಲಿಲ್ಲ. ಪಾಪಕ್ಕನ ಮೊಣಕೈಗೆ ತಣ್ಣಗೆ ಏನೋ ಒರಗಿಕೊಂಡಿತ್ತು.

ಸಂಜೆ ಬೂದಿ ಹರಡಿ ಮಂಕರಿ ಕವುಚಿದಳು. ಬೆಳಿಗ್ಗೆ ಜಯಕ್ಕ ಬಂದು ಎತ್ತಿದರೆ ಬೂದಿ ತುಂಬ ಹೆಜ್ಜೆ. ಎಲ್ಲವೂ ಅಂಗೈಯಷ್ಟೇ ಅಗಲ. ಬೂದಿ ಮೆತ್ತಿದ ಆ ಪುಟ್ಟ ಪಾದಗಳು ಮಂಕರಿಯಿಂದ ಹೊರಬಿದ್ದು ಒಲೆಯವರೆಗೂ ನಡೆದಿದ್ದವು. ನೀನು ಏನಂತ ಕರೆದೆ ಎಂದು ಜಯಕ್ಕ ಕೇಳಿದಳು. ಕೇಳಿ ತಿಳಿದ ಮೇಲೆ ಹಣೆ ಚಚ್ಚಿಕೊಂಡಳು. ಹೆಸರು ಹಿಡಿಯದೆ ಉಣ್ಣಲು ಕರೆದರೆ ಹಸಿದವರು ಯಾರು ಬೇಕಾದರೂ ಎದ್ದು ಬರುತ್ತಾರೆ ಎಂದು ಬೈದಳು.

ಪಾಪಕ್ಕ ಮತ್ತೆ ಚಳ್ಳಕೆರೆಗೆ ಓಡಿದಳು. ಕ್ಯಾತಣ್ಣ ನಿಂತಲ್ಲೇ ನಿಂತಿದ್ದ. ಪಕ್ಕದ ಚಿತ್ರದಲ್ಲಿ, ಗುಡಿಸಲ ಮುಂದೆ ಖಾಲಿ ತಣಿಗೆ ಹಿಡಿದು ಒಂದು ಹೆಣ್ಣುಕೂಸು ಕೂತಿತ್ತು. ಬರಗಾಲದ ಯಾವುದೋ ಹಳೆಯ ಫೋಟೋ ನೋಡಿ ಬರೆದದ್ದು, ಯಾರ ಮಗುವೋ ಯಾರಿಗೂ ಗೊತ್ತಿಲ್ಲ ಎಂದ ನಾಗೇಂದ್ರಪ್ಪ.

ಜಯಕ್ಕನಿಗೆ ದಾರಿ ಗೊತ್ತಿತ್ತು. ಒಂದು ಸಾವಿಗೆ ಮನೆಯೊಳಗೆ ಒಬ್ಬರಿಗೇ ಜಾಗ, ಒಬ್ಬರಿಗೇ ಎಡೆ. ಬಂದದ್ದನ್ನು ಬೇವಿನ ಸೊಪ್ಪು, ಪೊರಕೆ ಹಿಡಿದು ಊರಾಚೆ ಅಟ್ಟಬೇಕು. ಆಮೇಲೆ ತಮ್ಮನನ್ನು ಹೆಸರು ಹಿಡಿದು ಕರೆಯಬೇಕು. ಅಮಾವಾಸ್ಯೆ ದಾಟಿದರೆ ಅವನು ಬಯಲಿನವನೇ.

ಅಮಾವಾಸ್ಯೆಯ ಸಂಜೆ ಜಯಕ್ಕ ಬೇವಿನ ಸೊಪ್ಪು ತಂದಳು. ಪಾಪಕ್ಕ ಪೊರಕೆ ಹಿಡಿದು ಒಲೆಯ ಮೂಲೆಗೆ ಬಂದು ಕೈ ಎತ್ತಿದಳು. ಅಲ್ಲಿ ಯಾರೂ ಕಾಣಲಿಲ್ಲ. ಆದರೆ ಚೆಲ್ಲಿದ ಬೂದಿಯಲ್ಲಿ, ಅವಳು ನೋಡುತ್ತಿದ್ದ ಹಾಗೇ, ಎರಡು ಪುಟ್ಟ ಹೆಜ್ಜೆ ಹಿಂದೆ ಹಿಂದೆ ಸರಿದು ಗೋಡೆಗೆ ಹಿಮ್ಮಡಿ ಒತ್ತಿ ನಿಂತವು. ಏಟಿಗೆ ಹೆದರಿದ ಕೂಸು ಹಾಗೇ ನಿಲ್ಲುವುದು. ಪಾಪಕ್ಕ ಪೊರಕೆ ಕೆಳಗಿಟ್ಟಳು.

“ನನ್ ತಮ್ಮನ್ನ ಬಯಲಾಗೆ ಬಿಡ್ತೀಯೇನೇ?” ಎಂದಳು ಜಯಕ್ಕ.

“ನಿನ್ ತಮ್ಮಂಗೆ ಬಯಲು ಹೊಸದಲ್ಲ ಅತ್ಗೆ. ಇದು ಕೂಸು.”

ಮಕ್ಕಳಿಲ್ಲದವಳು, ಅದಕ್ಕೇ ಹೀಗೆ ಮಾಡಿದಳು ಎಂದು ಆಮೇಲೆ ಊರವರು ಆಡಿಕೊಂಡರು. ಊರವರಿಗೇನು, ಆ ಸಂಜೆ ಅವಳು ಅತ್ತದ್ದನ್ನು ಅವರು ಕಂಡರೇ? ಅಳುತ್ತಲೇ ಒಲೆ ಹಚ್ಚಿ ಹಿಟ್ಟು ತಿರುವಿದಳು. ಮುದ್ದೆ ಕಟ್ಟುವ ಹೊತ್ತಿಗೆ ಬಾಗಿಲಾಚೆ ಯಾರೋ ಕೆಮ್ಮಿದರು. ಇಷ್ಟು ವರ್ಷ ಪಕ್ಕದಲ್ಲೇ ಕೇಳಿದ ಕೆಮ್ಮು. ಜಯಕ್ಕ ಅವಳ ಮುಖ ನೋಡಿದಳು. ಪಾಪಕ್ಕ ಎದ್ದು ಹೋಗಿ, ಬಾಗಿಲಿಗೆ ಹಣೆ ಒತ್ತಿ ಒಂದು ಗಳಿಗೆ ನಿಂತು, ಅಗಳಿ ಹಾಕಿದಳು. ಬಂದು ಕೂತು, ಮುದ್ದೆ ಮುರಿದು, ಊದಿ ಆರಿಸಿ, ತಣಿಗೆಗೆ ಇಟ್ಟಳು.